ಬಂಡೆ ಹಿಡಿಯುವುದು ಒಂದು ದಿನದ ಕೆಲಸ, ಉಳಿಸಿಕೊಳ್ಳುವುದು ಬೇರೆಯೇ ಲೆಕ್ಕ

ಪ್ರಶ್ನೆ: ಜನರೇ ಇಲ್ಲದ ಒಂದು ಬಂಡೆಗಾಗಿ ಅಕ್ಕಪಕ್ಕದ ದೇಶಗಳು ಹತ್ತಾರು ವರ್ಷ ಕಿತ್ತಾಡುತ್ತವೆ. ದೊಡ್ಡ ನೌಕಾಪಡೆ ಇರುವ ದೇಶ ಒಂದೇ ದಿನದಲ್ಲಿ ಹೋಗಿ ಅದನ್ನು ಹಿಡಿದುಬಿಡಬಹುದಲ್ಲ? ಅದರ ಬದಲು ಕರಾವಳಿ ಕಾವಲು ಪಡೆಯ ಹಡಗುಗಳು ಒಂದರ ಮೇಲೊಂದು ನೀರು ಚಿಮ್ಮಿಸುತ್ತಾ, ಗುದ್ದಾಡುತ್ತಾ ಯಾಕೆ ಕಾಲ ಕಳೆಯುತ್ತವೆ? ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೂ ಜಗಳ ಯಾಕೆ ಮುಗಿಯುವುದಿಲ್ಲ?

ಉತ್ತರ: ಬಂಡೆಯಿಂದಲೇ ಶುರು ಮಾಡೋಣ. ಅದರ ಬೆಲೆ ಇರುವುದು ಕಲ್ಲಿನಲ್ಲಲ್ಲ, ಅದರ ಸುತ್ತ ಎಳೆಯಬಹುದಾದ ವೃತ್ತದಲ್ಲಿ. 1982ರಲ್ಲಿ ಅಂಗೀಕಾರವಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಭೂಮಿಯ ಅಂಚಿನಿಂದ 12 ನಾಟಿಕಲ್ ಮೈಲಿವರೆಗಿನ ನೀರು ಆ ದೇಶದ ಪ್ರಾದೇಶಿಕ ಸಮುದ್ರ. 200 ನಾಟಿಕಲ್ ಮೈಲಿವರೆಗೆ ವಿಶೇಷ ಆರ್ಥಿಕ ವಲಯ, ಅಂದರೆ ಅಲ್ಲಿನ ಮೀನು, ತೈಲದ ಹಕ್ಕು ಆ ದೇಶದ್ದು. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಈಗ ಸುತ್ತ ಬೇರೆ ಯಾರ ನೆಲವೂ ಇಲ್ಲದ ಕಡೆ ಒಂದೇ ಒಂದು ಬಂಡೆ ಇದೆ ಎಂದುಕೊಳ್ಳಿ. ಅದಕ್ಕೆ 12 ಮೈಲಿಯ ವೃತ್ತ ಮಾತ್ರ ಸಿಕ್ಕರೆ ಸುಮಾರು 1,550 ಚದರ ಕಿ.ಮೀ. ನೀರು ಬರುತ್ತದೆ. 200 ಮೈಲಿಯ ವೃತ್ತ ಸಿಕ್ಕರೆ ಸುಮಾರು 4,31,000 ಚದರ ಕಿ.ಮೀ. ಎರಡರ ನಡುವಿನ ಅಂತರ 277 ಪಟ್ಟಿಗೂ ಹೆಚ್ಚು. ಅಷ್ಟು ನೀರಿನ ಮೀನು, ಅದರ ತಳದ ತೈಲ ಮತ್ತು ಅನಿಲ ಯಾರದು ಎಂಬುದು ಆ ಕಲ್ಲನ್ನು ಕಾನೂನು ಏನೆಂದು ಕರೆಯುತ್ತದೆ ಎಂಬುದರ ಮೇಲೆ ನಿಂತಿದೆ.

ಕಾನೂನು ಅದನ್ನು ಮೂರು ಹೆಸರಿನಲ್ಲಿ ಕರೆಯಬಹುದು. ಭರತದಲ್ಲೂ (ಸಮುದ್ರ ಉಬ್ಬಿದಾಗಲೂ) ನೀರಿನ ಮೇಲಿದ್ದು, ತನ್ನ ಬಲದಿಂದಲೇ ಜನವಸತಿಯನ್ನೋ ಆರ್ಥಿಕ ಬದುಕನ್ನೋ ನಡೆಸಬಲ್ಲದ್ದು ದ್ವೀಪ. ಅದಕ್ಕೆ ಪೂರ್ತಿ 200 ಮೈಲಿ. ಭರತದಲ್ಲಿ ಮೇಲೇ ಇದ್ದರೂ ಯಾರನ್ನೂ ಸಾಕಲಾರದ್ದು ಬಂಡೆ. ಅದಕ್ಕೆ 12 ಮೈಲಿ ಮಾತ್ರ. ಒಪ್ಪಂದದ 121ನೇ ವಿಧಿಯ 3ನೇ ಉಪವಿಧಿ ಹೇಳುವುದು ಇದನ್ನೇ. ಇಳಿತದಲ್ಲಿ ಮಾತ್ರ ತಲೆ ಎತ್ತಿ ಭರತದಲ್ಲಿ ಮುಳುಗುವ ದಿಬ್ಬಕ್ಕೆ ಸ್ವಂತವಾಗಿ ಏನೂ ಇಲ್ಲ. ಬೇರೊಂದು ನೆಲದ 12 ಮೈಲಿಯೊಳಗೆ ಬಿದ್ದಿದ್ದರೆ ಆ ನೆಲದ ಗೆರೆಯನ್ನು ತುಸು ಮುಂದಕ್ಕೆ ತಳ್ಳುವಷ್ಟು ಮಾತ್ರ ಅದರ ಉಪಯೋಗ. ಮರಳು ಸುರಿದು, ಕಾಂಕ್ರೀಟ್ ಹಾಕಿ ಈ ಜಾತಿ ಬದಲಿಸಲು ಆಗುವುದಿಲ್ಲ. ನೋಡುವುದು ಸಹಜ ಸ್ಥಿತಿಯನ್ನು. ಕೃತಕ ದ್ವೀಪಕ್ಕೆ ಸಿಗುವುದು 500 ಮೀಟರಿನ ಸುರಕ್ಷತಾ ವಲಯವಷ್ಟೆ.

ಈ ವಿಂಗಡಣೆ ಎಷ್ಟು ಬಿಗಿಯಾಗಿರಬಹುದು ಎಂಬುದು 2016ರ ಜುಲೈ 12ರಂದು ಗೊತ್ತಾಯಿತು. ಫಿಲಿಪೀನ್ಸ್ ಚೀನಾದ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ದಕ್ಷಿಣ ಚೀನಾ ಸಮುದ್ರದ ಸ್ಪ್ರಾಟ್ಲಿ ದ್ವೀಪಸಮೂಹದ ಯಾವುದಕ್ಕೂ 200 ಮೈಲಿ ಇಲ್ಲ ಎಂದಿತು. ತೈವಾನ್ ಹಿಡಿತದಲ್ಲಿರುವ ಇಟು ಅಬಾ ಸುಮಾರು 1.4 ಕಿ.ಮೀ. ಉದ್ದವಿದೆ, ಸಿಹಿನೀರಿನ ಬಾವಿಗಳಿವೆ, ವಿಮಾನಗಳು ಇಳಿಯುತ್ತವೆ. ಅದೂ ಬಂಡೆಯೇ ಎಂದು ತೀರ್ಮಾನವಾಯಿತು. ಹೊರಗಿನಿಂದ ಅಕ್ಕಿ, ಇಂಧನ ತರಿಸಿಕೊಂಡು ಸರದಿಯ ಮೇಲೆ ಕಾವಲಿರುವ ಸೈನಿಕರು ಜನವಸತಿ ಎನಿಸಿಕೊಳ್ಳುವುದಿಲ್ಲ. ಅಲ್ಲೇ ನೆಲೆ ನಿಂತು ಬದುಕುವ ಸಮುದಾಯ ಬೇಕು ಎಂಬುದು ಮಂಡಳಿಯ ವಾದ. ಈ ಮಟ್ಟ ತುಂಬಾ ಎತ್ತರದ್ದು ಎಂದು ಆಕ್ಷೇಪಿಸುವ ಕಾನೂನು ಪಂಡಿತರಿದ್ದಾರೆ. ಅದು ಎತ್ತರದಲ್ಲಿದ್ದುದೇ ಒಳ್ಳೆಯದಾಯಿತು ಎಂಬುದು ನಮ್ಮ ಅಭಿಪ್ರಾಯ. ಇಲ್ಲದಿದ್ದರೆ ಪ್ರತಿ ದೇಶವೂ ನಾಲ್ಕು ಗುಡಿಸಲು ಕಟ್ಟಿ ನಾಲ್ಕು ಲಕ್ಷ ಚದರ ಕಿ.ಮೀ. ಕೇಳುತ್ತಿತ್ತು.

ಇನ್ನು ಬಂಡೆ ಯಾರದು ಎಂಬ ಪ್ರಶ್ನೆ. ಗಮನಿಸಿ, ಸಮುದ್ರ ಒಪ್ಪಂದ ಇದಕ್ಕೆ ಉತ್ತರ ಕೊಡುವುದೇ ಇಲ್ಲ. ನೆಲದ ಒಡೆತನ ಹಳೆಯ ಅಂತರರಾಷ್ಟ್ರೀಯ ಕಾನೂನಿನ ವಿಷಯ. ಅಲ್ಲಿ ಗೆಲ್ಲುವುದು ಫಿರಂಗಿಯಲ್ಲ, ಕಡತ. ಬೋರ್ನಿಯೋ ಕರಾವಳಿಯಾಚೆಯ ಲಿಗಿಟಾನ್ ಮತ್ತು ಸಿಪಾಡಾನ್ ದ್ವೀಪಗಳಿಗಾಗಿ ಇಂಡೋನೇಷ್ಯಾ, ಮಲೇಷ್ಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಇಂಡೋನೇಷ್ಯಾ ಮುಂದಿಟ್ಟ ಸಾಕ್ಷ್ಯದಲ್ಲಿ ಡಚ್ಚರ ಕಾಲದ ಮತ್ತು ತನ್ನದೇ ನೌಕಾಪಡೆಯ ಗಸ್ತು ಇತ್ತು, ತನ್ನ ಮೀನುಗಾರರು ಅಲ್ಲಿಗೆ ಹೋಗುತ್ತಿದ್ದರು ಎಂಬುದಿತ್ತು. ಮಲೇಷ್ಯಾ ತೋರಿಸಿದ್ದು ಆಮೆ ಮೊಟ್ಟೆ ಸಂಗ್ರಹವನ್ನು ನಿಯಂತ್ರಿಸಲು ಬ್ರಿಟಿಷ್ ಆಡಳಿತ 1917ರಲ್ಲಿ ಮಾಡಿದ ಕಾನೂನು, ಹಕ್ಕಿಗಳ ರಕ್ಷಿತ ತಾಣದ ಆದೇಶ, 1960ರ ದಶಕದ ಆರಂಭದಲ್ಲಿ ಕಟ್ಟಿದ ದೀಪಸ್ತಂಭಗಳು. 2002ರ ಡಿಸೆಂಬರ್ 17ರಂದು 16–1ರ ಬಹುಮತದಲ್ಲಿ ಎರಡೂ ದ್ವೀಪ ಮಲೇಷ್ಯಾ ಪಾಲಾದವು. ಆ ನೀರಿನಲ್ಲಿ ಗಸ್ತು ತಿರುಗಿದ ಮಾತ್ರಕ್ಕೆ ಆ ದ್ವೀಪ ತನ್ನದೆಂದು ಭಾವಿಸಿ ತಿರುಗಿದ್ದೆಂದು ಹೇಳಲಾಗದು, ಖಾಸಗಿ ಮೀನುಗಾರರ ಓಡಾಟ ಸರ್ಕಾರದ ಆಡಳಿತವಾಗದು ಎಂದಿತು ನ್ಯಾಯಾಲಯ. ಇದಕ್ಕಿಂತ ದೊಡ್ಡ ಏಟು ಕೊಟ್ಟದ್ದು ಇಂಡೋನೇಷ್ಯಾದ್ದೇ 1960ರ ಕಾನೂನು. ತನ್ನ ದ್ವೀಪಸಮೂಹದ ಹೊರ ಅಂಚನ್ನು ಗುರುತಿಸುವಾಗ ಅದು ಈ ಎರಡನ್ನು ಸೇರಿಸಿಕೊಂಡೇ ಇರಲಿಲ್ಲ.

ಒಂದು ಕಾಗದ ಸಾಕು ಎಂಬುದಕ್ಕೆ ಪೆದ್ರಾ ಬ್ರಾಂಕಾ ಸಾಕ್ಷಿ. ಸಿಂಗಪುರ ಜಲಸಂಧಿಯ ಪೂರ್ವದ ಬಾಯಲ್ಲಿರುವ ಈ ಬಂಡೆ ಮೂಲತಃ ಜೊಹೋರ್ ಸುಲ್ತಾನರದು ಎಂದು ನ್ಯಾಯಾಲಯವೇ ಒಪ್ಪಿತು. ಆದರೆ 1953ರಲ್ಲಿ ಸಿಂಗಪುರದ ಅಧಿಕಾರಿಗಳು ಬಂಡೆಯ ಸ್ಥಿತಿ ಏನೆಂದು ಕೇಳಿದಾಗ, ಅದರ ಒಡೆತನ ತಮಗೆ ಬೇಕಿಲ್ಲ ಎಂಬರ್ಥದ ಉತ್ತರ ಜೊಹೋರ್‌ನಿಂದ ಬಂದಿತ್ತು. ಆ ಪತ್ರ ಮತ್ತು ಆಮೇಲಿನ ದಶಕಗಳ ಮೌನ ಸೇರಿ 2008ರಲ್ಲಿ ಬಂಡೆ ಸಿಂಗಪುರಕ್ಕೆ ಹೋಯಿತು. ವಿದೇಶಾಂಗ ಇಲಾಖೆಗಳು ನೆರೆಯವರು ಏನು ಮಾಡಿದರೂ ಕೂಡಲೇ ಪ್ರತಿಭಟನಾ ಪತ್ರ ಕಳಿಸುವುದು ಇದಕ್ಕೇ. ಪತ್ರಿಕೆಯಲ್ಲಿ ಓದುವವರಿಗೆ ಅದು ಒಣ ಶಾಸ್ತ್ರದಂತೆ ಕಾಣುತ್ತದೆ. ಸುಮ್ಮನಿದ್ದರೆ ಒಪ್ಪಿದಂತೆ ಎಂಬ ನಿಯಮ ತಲೆಯ ಮೇಲೆ ತೂಗುತ್ತಿರುವಾಗ ಅದನ್ನು ತಪ್ಪಿಸುವಂತಿಲ್ಲ.

ಇದರ ಜೊತೆಗೆ ನಿರ್ಣಾಯಕ ದಿನಾಂಕ ಎಂಬುದೊಂದಿದೆ. ವಿವಾದ ಸ್ಪಷ್ಟವಾಗಿ ಮೊಳೆತ ದಿನದ ನಂತರ, ಹಕ್ಕು ಗಟ್ಟಿಮಾಡಿಕೊಳ್ಳಲೆಂದೇ ಮಾಡಿದ ಕೆಲಸಗಳನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿಗಿಟಾನ್ ಪ್ರಕರಣದಲ್ಲಿ ಅದು 1969. ಅಂದರೆ ಇವತ್ತು ಯಾರೋ ಬಂಡೆಯ ಮೇಲೆ ಬಾವುಟ ನೆಟ್ಟರೆ, ಯುದ್ಧನೌಕೆ ನಿಲ್ಲಿಸಿದರೆ, ಒಡೆತನದ ತಕ್ಕಡಿಯಲ್ಲಿ ಅದರ ತೂಕ ಹೆಚ್ಚುಕಡಿಮೆ ಸೊನ್ನೆ.

ಹಾಗಿದ್ದೂ ಹಡಗು ಕಳಿಸುತ್ತಾರಲ್ಲ? ಅದು ಒಡೆತನಕ್ಕಲ್ಲ, ಬಳಕೆಗೆ. ಮೀನು ಹಿಡಿಯುವವರು ಯಾರು, ಸಮೀಕ್ಷೆ ಮಾಡುವವರು ಯಾರು, ಯಾರ ದೋಣಿ ಅರ್ಧದಾರಿಯಿಂದ ಹಿಂದಿರುಗುತ್ತದೆ ಎಂಬುದು ದಿನವೂ ನೀರಿನ ಮೇಲೆ ತೀರ್ಮಾನವಾಗುವ ಮಾತು. ಕಾನೂನಿನ ಹಕ್ಕು ಒಬ್ಬರ ಕೈಯಲ್ಲಿದ್ದು ನೀರು ಇನ್ನೊಬ್ಬರ ಕೈಯಲ್ಲಿರುವುದು ಸಾಧ್ಯ, ಅದೇ ಇವತ್ತು ಹಲವೆಡೆ ನಡೆಯುತ್ತಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಒಂದೇ ದಿನದಲ್ಲಿ ಹಿಡಿದುಬಿಡಬಾರದೇಕೆ? ಹಿಡಿಯಬಹುದು. ಕಷ್ಟ ಇರುವುದು ಎರಡನೆಯ ದಿನದಿಂದ. ಕಪ್ಪು ಸಮುದ್ರದಲ್ಲಿ ಉಕ್ರೇನಿಗೆ ಸೇರಿದ ಸ್ನೇಕ್ ಐಲ್ಯಾಂಡ್ ನೋಡಿ. ವಿಸ್ತೀರ್ಣ ಸುಮಾರು 0.17 ಚದರ ಕಿ.ಮೀ. 2009ರಲ್ಲಿ ರೊಮೇನಿಯಾ–ಉಕ್ರೇನ್ ಗಡಿ ತೀರ್ಮಾನಿಸುವಾಗ ನ್ಯಾಯಾಲಯ ಇದಕ್ಕೆ 12 ಮೈಲಿಯ ಕಮಾನು ಬಿಟ್ಟು ಬೇರೇನೂ ಕೊಡಲಿಲ್ಲ. ವಿವಾದಿತ ನೀರಿನ ಸುಮಾರು ಐದರಲ್ಲಿ ನಾಲ್ಕು ಪಾಲು ರೊಮೇನಿಯಾಗೆ ಹೋಯಿತು. ಗೆರೆ ಎಳೆಯುವವರಿಗೆ ಬೇಡವಾದ ಆ ದ್ವೀಪವನ್ನು 2022ರ ಫೆಬ್ರವರಿ 24ರಂದು, ಯುದ್ಧದ ಮೊದಲ ದಿನವೇ ರಷ್ಯಾ ವಶಪಡಿಸಿಕೊಂಡಿತು. ಅಲ್ಲಿ ವಾಯುರಕ್ಷಣಾ ವ್ಯವಸ್ಥೆ ಇಟ್ಟರೆ ಒಡೆಸಾದ ಬಂದರಿಗೆ ಹೋಗಿಬರುವ ದಾರಿಯೆಲ್ಲ ಕೈಯಳತೆಗೆ ಬರುತ್ತಿತ್ತು. ಆದರೆ ದ್ವೀಪ ಇರುವುದು ದಡದಿಂದ ಸುಮಾರು 35 ಕಿ.ಮೀ. ದೂರದಲ್ಲಿ, ದಡದ ಆಧುನಿಕ ಫಿರಂಗಿಗಳ ವ್ಯಾಪ್ತಿಯೊಳಗೆ. ಏಪ್ರಿಲ್ 14ರಂದು ಮೋಸ್ಕ್ವಾ ಎಂಬ ರಷ್ಯಾದ ದೊಡ್ಡ ಯುದ್ಧನೌಕೆ ಮುಳುಗಿದ ಮೇಲೆ ದ್ವೀಪಕ್ಕೆ ನೆರಳಾಗಿ ನಿಲ್ಲುವ ಹಡಗು ಇಲ್ಲವಾಯಿತು. ಜೂನ್‌ನಲ್ಲಿ ಸಾಮಗ್ರಿ ಒಯ್ಯುತ್ತಿದ್ದ ಟಗ್ಗನ್ನು ಹಾರ್ಪೂನ್ ಕ್ಷಿಪಣಿ ಮುಳುಗಿಸಿತು. ಜೂನ್ 30ಕ್ಕೆ ರಷ್ಯಾ ದ್ವೀಪ ಬಿಟ್ಟಿತು. ಹಿಡಿಯಲು ಒಂದು ದಿನ ಸಾಕಾಗಿತ್ತು, ನಾಲ್ಕು ತಿಂಗಳ ಮೇಲೆ ಒಂದು ವಾರವೂ ಉಳಿಸಿಕೊಳ್ಳಲು ಆಗಲಿಲ್ಲ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ನೀರಿಲ್ಲದ ಬಂಡೆಯ ಮೇಲೆ 50 ಜನ, ತಲೆಗೆ ದಿನಕ್ಕೆ ಬರೀ 15 ಲೀಟರ್ ನೀರು ಎಂದರೂ ತಿಂಗಳಿಗೆ ಇಪ್ಪತ್ತೆರಡೂವರೆ ಟನ್. ಅದರ ಮೇಲೆ ಆಹಾರ, ಜನರೇಟರಿಗೆ ಡೀಸೆಲ್, ಮದ್ದುಗುಂಡು. ಅಡಗಲು ಜಾಗವಿಲ್ಲ, ಅಗೆಯಲು ಮಣ್ಣಿಲ್ಲ, ಶತ್ರುವಿಗೆ ನಿಮ್ಮ ಸ್ಥಾನ ಮೀಟರ್ ಲೆಕ್ಕದಲ್ಲಿ ಗೊತ್ತು. ಸಾಮಗ್ರಿ ತರುವ ಹಡಗು ಒಂದೇ ದಿಕ್ಕಿನಿಂದ, ಹೆಚ್ಚುಕಡಿಮೆ ಗೊತ್ತಾದ ದಿನಗಳಲ್ಲಿ ಬರಬೇಕು. ನೆರೆಯ ದೇಶಕ್ಕೆ ಬಂಡೆಯ ಮೇಲೆ ದಾಳಿ ಮಾಡುವ ಅಗತ್ಯವೇ ಇಲ್ಲ, ಆ ಹಡಗನ್ನು ತಡೆದರೆ ಸಾಕು. ಆದ್ದರಿಂದ ಚಿಕ್ಕ ನೌಕಾಪಡೆಗಳು ಸಮುದ್ರವನ್ನು ಆಳುವ ಆಸೆಗೆ ಹೋಗದೆ, ಇನ್ನೊಬ್ಬರು ಆಳದಂತೆ ತಡೆಯುವುದಕ್ಕೆ ಹಣ ಹಾಕುತ್ತವೆ: ಟ್ರಕ್ಕಿನ ಮೇಲೆ ಹೊತ್ತೊಯ್ಯುವ ಹಡಗುನಾಶಕ ಕ್ಷಿಪಣಿ, ಸಮುದ್ರ ಮೈನು, ಚಿಕ್ಕ ಜಲಾಂತರ್ಗಾಮಿ, ಈಚೆಗೆ ಸ್ಫೋಟಕ ತುಂಬಿದ ಚಾಲಕರಹಿತ ದೋಣಿ. ದೊಡ್ಡ ಯುದ್ಧನೌಕೆಗಳು ಹೆಚ್ಚು ಉಳಿಯದಿದ್ದರೂ ಉಕ್ರೇನ್ ರಷ್ಯಾದ ಕಪ್ಪು ಸಮುದ್ರ ಪಡೆಯನ್ನು ಪೂರ್ವಕ್ಕೆ ತಳ್ಳಿದ್ದು ಇವುಗಳಿಂದಲೇ.

ಇಷ್ಟು ಅಪಾಯದ ಕೆಲಸಕ್ಕೆ ಶಾಂತಿಕಾಲದಲ್ಲಿ ಯಾರೂ ಕೈಹಾಕುವುದಿಲ್ಲ. ಹಾಗಾಗಿ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದಾರಿ ಹಿಡಿಯುತ್ತಾರೆ. ಇಲ್ಲಿ ಹಡಗಿನ ಬಣ್ಣ ಮುಖ್ಯವಾಗುತ್ತದೆ. ಬೂದು ಬಣ್ಣದ್ದು ನೌಕಾಪಡೆಯದು, ಬಿಳಿ ಬಣ್ಣದ್ದು ಕಾವಲು ಪಡೆಯದು. ಬಿಳಿ ಹಡಗು ಬಂದರೆ ಅದು ಪೊಲೀಸ್ ಕೆಲಸ: ನಮ್ಮ ನೀರಿನಲ್ಲಿ ನಮ್ಮ ಕಾನೂನು ಜಾರಿ ಮಾಡುತ್ತಿದ್ದೇವೆ ಎಂಬ ಹೇಳಿಕೆ. ಬೂದು ಹಡಗು ಬಂದರೆ ಬಲಪ್ರಯೋಗದ ಬೆದರಿಕೆ. ವಿಶ್ವಸಂಸ್ಥೆಯ ಸನ್ನದು ನಿಷೇಧಿಸುವುದು ಎರಡನೆಯದನ್ನು. ಈ ಗೆರೆಯನ್ನು ಮೀರಿ ಪೆಟ್ಟು ತಿಂದದ್ದು ದಕ್ಷಿಣ ಅಮೆರಿಕದ ಸುರಿನಾಮ್. 2000ದ ಜೂನ್ 3ರ ರಾತ್ರಿ ಅದರ ನೌಕಾಪಡೆಯ ದೋಣಿಗಳು ವಿವಾದಿತ ನೀರಿನಲ್ಲಿ ಗಯಾನಾದ ಪರವಾನಗಿಯ ಮೇಲೆ ನಿಂತಿದ್ದ ತೈಲ ಕೊರೆಯುವ ವೇದಿಕೆಯ ಹತ್ತಿರ ಹೋಗಿ, 12 ಗಂಟೆಯೊಳಗೆ ಹೊರಡಿ, ಇಲ್ಲದಿದ್ದರೆ ಆಗುವುದಕ್ಕೆ ನೀವೇ ಹೊಣೆ ಎಂಬರ್ಥದ ಎಚ್ಚರಿಕೆ ಕೊಟ್ಟವು. ಒಂದು ಗುಂಡೂ ಹಾರಲಿಲ್ಲ. ಆದರೂ 2007ರಲ್ಲಿ ಮಧ್ಯಸ್ಥಿಕೆ ಮಂಡಳಿ ಇದನ್ನು ಪೊಲೀಸ್ ಕ್ರಮ ಎಂದು ಒಪ್ಪದೆ, ಬಲಪ್ರಯೋಗದ ಬೆದರಿಕೆ ಎಂದೇ ಬರೆಯಿತು. ಅದೇ ತೀರ್ಪು ಗಯಾನಾವನ್ನೂ ಬಿಡಲಿಲ್ಲ. ಗಡಿ ತೀರ್ಮಾನವಾಗದ ನೀರಿನಲ್ಲಿ ಭೂಕಂಪನ ಅಲೆಗಳಿಂದ ತಳ ಪರೀಕ್ಷಿಸುವುದು ನಡೆಯುತ್ತದೆ, ತಳಕ್ಕೆ ಶಾಶ್ವತ ಬದಲಾವಣೆ ತರುವ ಕೊರೆತ ನಡೆಯದು ಎಂದಿತು. ಇವತ್ತಿಗೂ ವಿವಾದಿತ ವಲಯದಲ್ಲಿ ಸಮೀಕ್ಷಾ ಹಡಗುಗಳು ಧಾರಾಳವಾಗಿ ಓಡಾಡಿ, ಕೊರೆಯುವ ವೇದಿಕೆಗಳು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ.

ಬೂದು ಹಡಗನ್ನು ಮೊದಲು ಕಳಿಸಿದವರು ಹೇಗೆ ಸೋಲುತ್ತಾರೆ ಎಂಬುದಕ್ಕೆ 2012ರ ಸ್ಕಾರ್ಬರೋ ದಿಬ್ಬಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಫಿಲಿಪೀನ್ಸ್ ದೇಶದ ಲುಝೋನ್ ದ್ವೀಪದಿಂದ ಸುಮಾರು 120 ನಾಟಿಕಲ್ ಮೈಲಿ ದೂರದ ಈ ಹವಳದ ದಿಬ್ಬದಲ್ಲಿ ಚೀನಾದ ಮೀನುಗಾರಿಕಾ ದೋಣಿಗಳು ಏಪ್ರಿಲ್‌ನಲ್ಲಿ ಕಂಡವು. ಫಿಲಿಪೀನ್ಸ್ ತನ್ನ ಅತಿದೊಡ್ಡ ಯುದ್ಧನೌಕೆಯನ್ನು ಕಳಿಸಿ ತಪಾಸಣೆ ಮಾಡಿಸಿತು. ಚೀನಾ ಪ್ರತಿಯಾಗಿ ಕಳಿಸಿದ್ದು ಆಯುಧವಿಲ್ಲದ ಸಮುದ್ರ ಕಣ್ಗಾವಲು ಹಡಗುಗಳನ್ನು. ಅವು ದಿಬ್ಬದ ಬಾಯಿಗೆ ಅಡ್ಡ ನಿಂತವು. ಈಗ ಜಗತ್ತಿಗೆ ಕಂಡ ಚಿತ್ರ: ಮೀನುಗಾರರ ಮೇಲೆ ಸೇನೆ ಬಿಟ್ಟ ದೇಶ ಒಂದು, ಅವರನ್ನು ಕಾಯಲು ಪೊಲೀಸರನ್ನು ಕಳಿಸಿದ ದೇಶ ಇನ್ನೊಂದು. ಎರಡೇ ದಿನದಲ್ಲಿ ಫಿಲಿಪೀನ್ಸ್ ಯುದ್ಧನೌಕೆಯನ್ನು ಹಿಂದಕ್ಕೆ ಕರೆಸಿಕೊಂಡು ಕಾವಲು ಪಡೆಯ ಹಡಗು ಇಟ್ಟಿತು, ಆದರೆ ಅಷ್ಟರಲ್ಲಿ ಆಟದ ನಿಯಮವನ್ನು ಇನ್ನೊಬ್ಬರು ಬರೆದಾಗಿತ್ತು. ಜೂನ್‌ನಲ್ಲಿ ಬಿರುಗಾಳಿಯ ಕಾಲಕ್ಕೆ ಫಿಲಿಪೀನ್ಸ್ ಹಡಗುಗಳು ವಾಪಸಾದವು, ಚೀನಾದವು ಉಳಿದವು. ಇಂದಿಗೂ ದಿಬ್ಬದ ಬಾಯಿ ಅವುಗಳ ಕೈಯಲ್ಲೇ ಇದೆ. ಮೀನುಗಾರರನ್ನು ಹಿಡಿಯಲು ಹೋದದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ, ತಪ್ಪು ಇದ್ದದ್ದು ಕಳಿಸಿದ ಹಡಗಿನಲ್ಲಿ, ಮತ್ತು ಅಂಥ ಕೆಲಸಕ್ಕೆ ಬೇಕಾದ ಬಿಳಿ ಹಡಗುಗಳನ್ನು ಮೊದಲೇ ಕಟ್ಟಿಸಿಕೊಳ್ಳದೆ ಇದ್ದುದರಲ್ಲಿ.

ಬಣ್ಣಕ್ಕೆ ನ್ಯಾಯಾಲಯದ ಒಳಗೂ ಬೆಲೆ ಇದೆ. ಒಪ್ಪಂದದ 298ನೇ ವಿಧಿಯಂತೆ ಯಾವ ದೇಶವಾದರೂ ಮಿಲಿಟರಿ ಚಟುವಟಿಕೆ ಮತ್ತು ಗಡಿ ನಿರ್ಧಾರದ ವಿವಾದಗಳನ್ನು ಕಡ್ಡಾಯ ವಿಚಾರಣೆಯಿಂದ ಹೊರಗಿಡಬಹುದು. ಚೀನಾ 2006ರಲ್ಲಿ ಹಾಗೆ ಘೋಷಿಸಿತು. 2016ರ ತೀರ್ಪಿನಲ್ಲಿ ಇದರಿಂದಾದದ್ದು ಕುತೂಹಲದ ಸಂಗತಿ. ಸೆಕೆಂಡ್ ಥಾಮಸ್ ದಿಬ್ಬದ ಮೇಲೆ ಫಿಲಿಪೀನ್ಸ್ 1999ರಲ್ಲಿ ಬೇಕೆಂದೇ ಏರಿಸಿ ನಿಲ್ಲಿಸಿದ ಹಳೆಯ ಯುದ್ಧನೌಕೆ ಸಿಯೆರಾ ಮಾದ್ರೆಯ ಸುತ್ತಲಿನ ಜಟಾಪಟಿಯಲ್ಲಿ ಎರಡೂ ಕಡೆ ಸೇನೆ ಇದ್ದುದರಿಂದ ಅದು ಮಿಲಿಟರಿ ಚಟುವಟಿಕೆ, ತನಗೆ ಅಧಿಕಾರವಿಲ್ಲ ಎಂದಿತು ಮಂಡಳಿ. ಆದರೆ ಚೀನಾದ ಕೃತಕ ದ್ವೀಪ ನಿರ್ಮಾಣವನ್ನು ವಿಚಾರಣೆಗೆ ತೆಗೆದುಕೊಂಡಿತು. ಯಾಕೆ? ಆ ನಿರ್ಮಾಣ ನಾಗರಿಕ ಉದ್ದೇಶದ್ದೆಂದು ಚೀನಾ ತಾನೇ ಮತ್ತೆ ಮತ್ತೆ ಹೇಳಿಕೊಂಡಿತ್ತು. ಆಡಿದ ಮಾತೇ ಕಟ್ಟಿಹಾಕಿತು.

ಆ ಸಿಯೆರಾ ಮಾದ್ರೆ ತುಕ್ಕು ಹಿಡಿದು ಕೊರಕಲಾಗಿದೆ. ಆದರೂ ಅದು ಇಂದಿಗೂ ಫಿಲಿಪೀನ್ಸ್ ನೌಕಾಪಡೆಯ ಪಟ್ಟಿಯಲ್ಲಿರುವ ಯುದ್ಧನೌಕೆ. ಅದರ ಮೇಲೆ ದಾಳಿ ಮಾಡಿದರೆ ಅಮೆರಿಕದ ಜೊತೆಗಿನ 1951ರ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಕೈಹಾಕಿದಂತೆ. ಹಾಗಾಗಿ ಚೀನಾದವರು ಹಡಗನ್ನು ಮುಟ್ಟಲಿಲ್ಲ, ಅದಕ್ಕೆ ಅಕ್ಕಿ, ನೀರು, ರಿಪೇರಿ ಸಾಮಾನು ಒಯ್ಯುವ ದೋಣಿಗಳನ್ನು 2024ರ ಮಧ್ಯದವರೆಗೂ ತಡೆಯುತ್ತಿದ್ದರು. ಜಲಫಿರಂಗಿ ಯಾಕೆ ಎಂದು ಕೇಳಿದ್ದೀರಿ. ಅದು ಆಯುಧವಲ್ಲ ಎಂದು ವಾದಿಸಬಹುದು, ಆದರೆ ಅದರ ಹೊಡೆತ ನಿಜವಾದದ್ದು. 2024ರ ಮಾರ್ಚ್‌ನಲ್ಲಿ ಹೀಗೆ ಹೊಡೆದ ನೀರಿಗೆ ಸರಬರಾಜು ದೋಣಿಯ ಗಾಜು ಒಡೆದು ನಾವಿಕರಿಗೆ ಗಾಯವಾಯಿತು. ಆ ವರ್ಷ ಜೂನ್ 17ರಂದು ಚಿಕ್ಕ ದೋಣಿಗಳ ಘರ್ಷಣೆಯಲ್ಲಿ ಫಿಲಿಪೀನ್ಸ್ ನಾವಿಕರೊಬ್ಬರು ಹೆಬ್ಬೆರಳು ಕಳೆದುಕೊಂಡರು. ಒಂದು ಸಾವಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು: ಬೇಕೆಂದೇ ಮಾಡಿದ ಕೃತ್ಯದಿಂದ ತಮ್ಮ ಪ್ರಜೆ ಸತ್ತರೆ ಅದು ಯುದ್ಧಕೃತ್ಯಕ್ಕೆ ತೀರಾ ಹತ್ತಿರ ಎಂದು ಫಿಲಿಪೀನ್ಸ್ ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಅದಕ್ಕೆ ಎರಡೂವರೆ ವಾರ ಮೊದಲಷ್ಟೇ ಸಾರಿದ್ದರು.

ಹಾಗಾದರೆ ಯುದ್ಧನೌಕೆಗಳು ಎಲ್ಲಿರುತ್ತವೆ? ದಿಗಂತದ ಆಚೆ. ಇದಕ್ಕೂ ಲೆಕ್ಕವಿದೆ. ಎರಡು ಹಡಗುಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ, 2.2ರಿಂದ ಗುಣಿಸಿದರೆ ರಡಾರ್ ಎಷ್ಟು ನಾಟಿಕಲ್ ಮೈಲಿ ದೂರ ಕಾಣುತ್ತದೆ ಎಂಬ ಅಂದಾಜು ಸಿಗುತ್ತದೆ. 25 ಮೀಟರ್ ಎತ್ತರದ ರಡಾರಿಗೆ 16 ಮೀಟರ್ ಎತ್ತರದ ಹಡಗು ಸುಮಾರು 20 ಮೈಲಿಯಿಂದಾಚೆ ಕಾಣದು. ಆದ್ದರಿಂದ 25–30 ಮೈಲಿ ಹಿಂದೆ ನಿಂತ ಬೂದು ಹಡಗು ಕಾವಲು ಪಡೆಯ ಹಡಗಿನ ರಡಾರಿಗೆ ಬೀಳುವುದಿಲ್ಲ, ಕ್ಯಾಮೆರಾಕ್ಕೂ ಸಿಗುವುದಿಲ್ಲ, ಆದರೆ 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲಿ) ವೇಗದಲ್ಲಿ ಒಂದು ಗಂಟೆಯೊಳಗೋ ಸ್ವಲ್ಪ ತಡವಾಗಿಯೋ ಬಂದು ಮುಟ್ಟಬಲ್ಲದು. ಇದೆ ಎಂಬುದು ಇಬ್ಬರಿಗೂ ಗೊತ್ತು. ಆ ಗೊತ್ತಿರುವಿಕೆಯೇ ಅದರ ಕೆಲಸ. ದಿಗಂತ ದಾಟಿ ಮುಂದೆ ಬಂದಾಗ ಎಡವಟ್ಟಾಗುತ್ತದೆ. 2025ರ ಆಗಸ್ಟ್ 11ರಂದು ಸ್ಕಾರ್ಬರೋ ಹತ್ತಿರ ಫಿಲಿಪೀನ್ಸ್ ಕಾವಲು ಹಡಗನ್ನು ಬೆನ್ನಟ್ಟುತ್ತಿದ್ದ ಚೀನಾದ ಕಾವಲು ಹಡಗು ಮತ್ತು ಚೀನಾದ್ದೇ ವಿನಾಶಕ ನೌಕೆ ಒಂದಕ್ಕೊಂದು ಡಿಕ್ಕಿ ಹೊಡೆದು, ಕಾವಲು ಹಡಗಿನ ಮೂತಿ ಜಜ್ಜಿಹೋಯಿತು. ಎರಡು ಸೇವೆಗಳು ಒಂದೇ ಬೇಟೆಯ ಹಿಂದೆ ಹತ್ತಿರದಲ್ಲಿ ವೇಗವಾಗಿ ತಿರುಗುತ್ತಿದ್ದರೆ ಇಂಥದ್ದು ಆಗಲೇಬೇಕು. ಸಾವಿರಾರು ಟನ್ ತೂಕದ ಹಡಗು ಕಾರಿನಂತೆ ನಿಲ್ಲುವುದಿಲ್ಲ.

ಗುದ್ದಾಟದ ವಿದ್ಯೆ ಹೊಸದೂ ಅಲ್ಲ. ಐಸ್‌ಲ್ಯಾಂಡ್ ತನ್ನ ಮೀನುಗಾರಿಕಾ ವಲಯವನ್ನು 1958ರಲ್ಲಿ 12 ಮೈಲಿಗೆ, 1972ರಲ್ಲಿ 50ಕ್ಕೆ, 1975ರಲ್ಲಿ 200ಕ್ಕೆ ವಿಸ್ತರಿಸಿತು. ಬ್ರಿಟನ್ ಒಪ್ಪದೆ ಮೀನು ಹಿಡಿಯುವ ತನ್ನ ಟ್ರಾಲರುಗಳ ರಕ್ಷಣೆಗೆ ಫ್ರಿಗೇಟು ಎಂಬ ಯುದ್ಧನೌಕೆಗಳನ್ನು ಕಳಿಸಿತು. ಐಸ್‌ಲ್ಯಾಂಡಿಗೆ ನೌಕಾಪಡೆಯೇ ಇಲ್ಲ. ಅದರ ಕಾವಲು ಹಡಗುಗಳು ಹಿಂಬದಿಯಲ್ಲಿ ಕೊಕ್ಕೆಯಂಥ ಕತ್ತರಿಯನ್ನು ಎಳೆದುಕೊಂಡು ಟ್ರಾಲರಿನ ಹಿಂದೆ ಅಡ್ಡ ಹಾಯ್ದು ಬಲೆಯ ಉಕ್ಕಿನ ಹಗ್ಗ ಕತ್ತರಿಸಿದವು. 1972ರ ಸೆಪ್ಟೆಂಬರ್ 5ರಂದು ಏಗಿರ್ ಎಂಬ ಹಡಗು ಮೊದಲ ಬಲೆ ಕತ್ತರಿಸಿತು. ಬಲೆ ಹೋದರೆ ಟ್ರಾಲರಿಗೆ ಅಂದಿನ ಸಂಪಾದನೆ ಇಲ್ಲ, ಯಾರ ಪ್ರಾಣಕ್ಕೂ ಅಪಾಯವಿಲ್ಲ. ವೇಗಕ್ಕೆಂದು ತೆಳು ತಗಡಿನಲ್ಲಿ ಕಟ್ಟಿದ ಫ್ರಿಗೇಟುಗಳು ಹಿಮದ ಸಮುದ್ರಕ್ಕೆಂದು ಗಟ್ಟಿಯಾಗಿ ಕಟ್ಟಿದ ಆ ಪುಟ್ಟ ಹಡಗುಗಳಿಗೆ ತಾಗಿ ಜಖಂಗೊಂಡು ರಿಪೇರಿಗೆ ಹೋಗುತ್ತಿದ್ದವು. ಫ್ರಿಗೇಟಿನಲ್ಲಿ ಕ್ಷಿಪಣಿ ಇತ್ತು, ಹಾರಿಸುವಂತಿರಲಿಲ್ಲ. ಕೊನೆಗೆ ತನ್ನ ನೆಲದ ಕೆಫ್ಲಾವಿಕ್‌ನ ನ್ಯಾಟೋ ನೆಲೆಯನ್ನು ಮುಚ್ಚುವ ಮಾತು ಐಸ್‌ಲ್ಯಾಂಡಿನಿಂದ ಬಂದಾಗ ಬ್ರಿಟನ್ ಬಾಗಿತು. 1976ರ ಜೂನ್ 1ರ ಒಪ್ಪಂದದಂತೆ ಆ 200 ಮೈಲಿಯೊಳಗೆ ಒಮ್ಮೆಗೆ 24 ಟ್ರಾಲರುಗಳಿಗೆ ಮಾತ್ರ ಅವಕಾಶ ಉಳಿಯಿತು. ಮುಂದಿನ ಜನವರಿಯಲ್ಲಿ ಬ್ರಿಟನ್ ತಾನೂ 200 ಮೈಲಿ ವಲಯ ಘೋಷಿಸಿಕೊಂಡಿತು.

ದಿನನಿತ್ಯದ ಹಾಜರಿಗೆ ಬೇಕಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಹಡಗಿನ ಸಂಖ್ಯೆ. ಒಂದು ಹಡಗು ಸದಾ ಸ್ಥಳದಲ್ಲಿರಬೇಕಾದರೆ ಮೂರು ಬೇಕು: ಒಂದು ಕಾವಲಿನಲ್ಲಿ, ಒಂದು ದಾರಿಯಲ್ಲೋ ತರಬೇತಿಯಲ್ಲೋ, ಒಂದು ಡಾಕ್‌ನಲ್ಲಿ. ದೂರ ಹೆಚ್ಚಿದಷ್ಟೂ ಈ ಸಂಖ್ಯೆ ಏರುತ್ತದೆ. 120 ಮೈಲಿಯನ್ನು 15 ನಾಟ್‌ನಲ್ಲಿ ಕ್ರಮಿಸಲು 8 ಗಂಟೆ. ಬೇಗ ಮುಟ್ಟೋಣವೆಂದು ವೇಗ ಇಮ್ಮಡಿ ಮಾಡಿದರೆ ಎಂಜಿನ್ ಶಕ್ತಿ ಸುಮಾರು ಎಂಟು ಪಟ್ಟು, ಅದೇ ದೂರಕ್ಕೆ ಇಂಧನ ನಾಲ್ಕು ಪಟ್ಟು ಬೇಕು. ಕೃತಕ ದ್ವೀಪಗಳ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಇಳಿತದ ದಿಬ್ಬದ ಮೇಲೆ ಚೀನಾ ಕಟ್ಟಿದ ಮಿಸ್ಚೀಫ್ ನೆಲೆಗೆ ಕಾನೂನು 12 ಮೈಲಿಯನ್ನೂ ಕೊಡುವುದಿಲ್ಲ. ಆದರೆ ಅಲ್ಲಿ ಇಂಧನ, ಬಂದರು, ವಿಮಾನದ ಓಡುದಾರಿ ಇವೆ. ಸೆಕೆಂಡ್ ಥಾಮಸ್ ದಿಬ್ಬ ಅಲ್ಲಿಂದ ಸುಮಾರು 20 ಮೈಲಿ. ಪಲಾವಾನ್‌ನಿಂದ ಬರುವ ಫಿಲಿಪೀನ್ಸ್ ಹಡಗಿಗೆ ನೂರಕ್ಕೂ ಹೆಚ್ಚು. ತೀರ್ಪು ಗೆದ್ದವರು ನೀರಿನಲ್ಲಿ ಹೆಣಗುತ್ತಿರುವುದಕ್ಕೆ ಈ ಅಂತರವೇ ದೊಡ್ಡ ಕಾರಣ. ತೀರ್ಪನ್ನು ಜಾರಿ ಮಾಡುವ ಪೊಲೀಸ್ ಪಡೆ ಯಾವ ನ್ಯಾಯಮಂಡಳಿಗೂ ಇಲ್ಲ.

ಹಾಗೆಂದು ತೀರ್ಪುಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ ಎಂದುಕೊಳ್ಳಬೇಡಿ. ಬಂಗಾಳ ಕೊಲ್ಲಿಯಲ್ಲಿ ಆದದ್ದನ್ನು ನೋಡಿ. ಬಾಂಗ್ಲಾದೇಶದ ಕರಾವಳಿ ಒಳಕ್ಕೆ ಬಾಗಿದೆ. ಅಕ್ಕಪಕ್ಕದ ಭಾರತ, ಮ್ಯಾನ್ಮಾರ್ ಎರಡರ ಜೊತೆಗೂ ಸಮದೂರ ರೇಖೆ (ಎರಡೂ ದಡಗಳಿಂದ ಸಮಾನ ದೂರದ ಗೆರೆ) ಎಳೆದರೆ ಎರಡು ಗೆರೆಗಳು ಮುಂದೆ ಕತ್ತರಿಯಂತೆ ಕೂಡಿಕೊಂಡು ಅದರ ಪಾಲಿಗೆ 200 ಮೈಲಿ ಮುಟ್ಟದ ಒಂದು ತ್ರಿಕೋನ ಉಳಿಯುತ್ತದೆ. ಉತ್ತರ ಸಮುದ್ರದಲ್ಲಿ ಜರ್ಮನಿಗೂ ಇದೇ ಗತಿಯಾಗಿ, 1969ರಲ್ಲೇ ನ್ಯಾಯಾಲಯ ಸಮದೂರ ಕಡ್ಡಾಯವಲ್ಲ ಎಂದಿತ್ತು. ಮೈಲಿ ಅಳೆಯಲು ಶುರು ಮಾಡುವ ಗೆರೆ, ಅಂದರೆ ಆಧಾರರೇಖೆಯೂ ತೊಡಕೇ. ನದಿ ಹೂಳಿನಿಂದ ಕರಾವಳಿ ಸರಿಯುತ್ತಲೇ ಇರುವುದರಿಂದ ಬಾಂಗ್ಲಾದೇಶ 1974ರಲ್ಲಿ ಹತ್ತು ಫ್ಯಾದಮ್ (ಸುಮಾರು 18 ಮೀಟರ್) ಆಳದ ನೀರಿನಲ್ಲೇ ತನ್ನ ಆಧಾರರೇಖೆ ಎಳೆದುಕೊಂಡಿತ್ತು. ನೆರೆಯವರು ಒಪ್ಪಲಿಲ್ಲ. ಭಾರತ ಮತ್ತು ಬಾಂಗ್ಲಾದೇಶ ಇಬ್ಬರೂ ತಮ್ಮದೆಂದ ನ್ಯೂ ಮೂರ್ ಎಂಬ ಮರಳ ದ್ವೀಪವಂತೂ ಮೊಕದ್ದಮೆ ಮುಗಿಯುವ ಮೊದಲೇ ನೀರಿನೊಳಗೆ ಹೋಯಿತು.

2008ರ ಕೊನೆಯಲ್ಲಿ ಮ್ಯಾನ್ಮಾರ್ ಪರವಾಗಿ ಅನಿಲ ಹುಡುಕುವ ಹಡಗು ವಿವಾದಿತ ನೀರಿಗೆ ಬಂದಾಗ ಎರಡೂ ನೌಕಾಪಡೆಗಳು ಎದುರುಬದುರಾದವು. ಗುಂಡು ಹಾರುವ ಮೊದಲೇ ಮ್ಯಾನ್ಮಾರ್ ಹಿಂದೆಗೆಯಿತು. ಬಾಂಗ್ಲಾದೇಶ ಆಗ ಮಾಡಿದ ಕೆಲಸ ನಮ್ಮ ದೃಷ್ಟಿಯಲ್ಲಿ ಆ ದಶಕದ ಅತ್ಯಂತ ಜಾಣ ನೌಕಾ ನಡೆ: ಒಂದು ವರ್ಷದೊಳಗೆ, 2009ರ ಅಕ್ಟೋಬರ್‌ನಲ್ಲಿ, ಮ್ಯಾನ್ಮಾರ್ ಮತ್ತು ಭಾರತ ಎರಡರ ಮೇಲೂ ಒಟ್ಟಿಗೇ ಮೊಕದ್ದಮೆ ಹೂಡಿತು. ಒಂದೊಂದಾಗಿ ಹೋಗಿದ್ದರೆ ಕರಾವಳಿ ಒಳಬಾಗಿದೆ ಎಂಬ ವಾದಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ. 2012ರಲ್ಲಿ ಸಮುದ್ರ ಕಾನೂನು ನ್ಯಾಯಮಂಡಳಿ ಮ್ಯಾನ್ಮಾರ್ ಗಡಿ ನಿರ್ಧರಿಸಿತು. ಸೇಂಟ್ ಮಾರ್ಟಿನ್ ದ್ವೀಪಕ್ಕೆ ಪೂರ್ತಿ 12 ಮೈಲಿ ಕೊಟ್ಟು, ಮುಂದಿನ ಗೆರೆಯಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 2014ರ ಜುಲೈ 7ರಂದು ಭಾರತದ ಜೊತೆಗಿನ ತೀರ್ಪು ಬಂತು. ವಿವಾದಿತ 25,602 ಚದರ ಕಿ.ಮೀ.ಯಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತದ ನೌಕಾಪಡೆ ಎಷ್ಟೋ ಪಟ್ಟು ದೊಡ್ಡದು, ಆದರೂ ತೀರ್ಪನ್ನು ಒಪ್ಪಿತು. ಗಡಿ ಖಚಿತವಿಲ್ಲದ ನೀರಿಗೆ ತೈಲ ಕಂಪನಿಗಳು ಹಣ ಹಾಕುವುದಿಲ್ಲ, ಹಾಗಾಗಿ ಸೋತವರಿಗೂ ಉಳಿದ ಭಾಗ ಬಳಕೆಗೆ ಬಂತು.

ಒಂದು ತೊಡಕು ಮಾತ್ರ ಅಲ್ಲಿ ಹಾಗೇ ಉಳಿದಿದೆ. ಸಮದೂರ ರೇಖೆಯನ್ನು ಓರೆ ಮಾಡಿದ್ದರಿಂದ, ಬಾಂಗ್ಲಾದೇಶದ 200 ಮೈಲಿಯಾಚೆ, ಆದರೆ ಭಾರತದ 200 ಮೈಲಿಯೊಳಗೆ ಒಂದು ತುಂಡು ಸಮುದ್ರ ಬಿದ್ದಿತು. ಅಲ್ಲಿ ತಳದ ಮಣ್ಣು, ಅನಿಲ, ಖನಿಜ ಬಾಂಗ್ಲಾದೇಶದ್ದು, ಅದರ ಮೇಲಿನ ನೀರು, ಮೀನು ಭಾರತದ್ದು. ಮ್ಯಾನ್ಮಾರ್ ಕಡೆಯೂ ಇಂಥದ್ದೇ ಒಂದು ತುಂಡಿದೆ. ಒಬ್ಬರು ಬಾವಿ ಕೊರೆಯಬೇಕಾದರೆ ಇನ್ನೊಬ್ಬರ ಟ್ರಾಲರುಗಳು ದೂರ ಸರಿಯಬೇಕು, ಕೊಳವೆ ಒಡೆದರೆ ಇನ್ನೊಬ್ಬರ ಮೀನು ಸಾಯುತ್ತದೆ. ಇದನ್ನು ಪರಸ್ಪರ ಮಾತಾಡಿ ನಿಭಾಯಿಸಿಕೊಳ್ಳಿ ಎಂದಷ್ಟೇ ಹೇಳಿ ಎರಡೂ ಮಂಡಳಿಗಳು ಕಡತ ಮುಚ್ಚಿದವು.